ಪಿಚ್ಚರ್ ಹೆಂಗದೆ?

"ಪಿಚ್ಚರ್ ಹೆಂಗದೆ?" ಎಂಬ ಪ್ರಶ್ನೆಗೆ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಸಿಗುವ ಉತ್ತರಗಳನ್ನು ನಾಲ್ಕಾಗಿ ವಿಂಗಡಿಸಬಹುದು: "ಸಖತ್ತಾಗದೆ", "ಪರ್ವಾಗಿಲ್ಲ", "ಒಂದ್ಸಲ ನೋಡ್ಬೋದು", "ದುಡ್ಡು ದಂಡ". ಪತ್ರಿಕೆಯ ವಿಮರ್ಶಕರು ನಕ್ಷತ್ರಗಳಲ್ಲಿ ಅಳೆಯುವುದನ್ನು ಪ್ರೇಕ್ಷಕರು ಈ ನಾಲ್ಕು ಮಾತಿನಲ್ಲಿ ಅಳೆಯುತ್ತಾರೆ. ಮೊದಲನೆಯದು ಕೇಳಿದವರನ್ನು ಚಿತ್ರಮಂದಿರಕ್ಕೆ ಕಳಿಸುತ್ತದೆ, ಕೊನೆಯದು ತಡೆಯುತ್ತದೆ. ನಡುವಿನ ಎರಡರಲ್ಲಿ ಸೂಕ್ಷ್ಮವಿದೆ. "ಪರ್ವಾಗಿಲ್ಲ" ಎಂದರೆ ನಿರೀಕ್ಷೆಗಿಂತ ತುಸು ಮೇಲು. "ಒಂದ್ಸಲ ನೋಡ್ಬೋದು" ಎಂದರೆ ಬೇಸರವಾಗದು, ಆದರೆ ಮನೆಗೆ ಬಂದ ಮೇಲೆ ನೆನಪೂ ಉಳಿಯದು.

ಈ ಅಳತೆಯ ಹಿಂದೆ ಖರ್ಚಿನ ಲೆಕ್ಕವೂ ಇದೆ. ಊರಿಗೆ ಬಾರದ ಚಿತ್ರವನ್ನು ನೋಡಲು ಮೈಸೂರಿಗೆ ಹೋಗಬೇಕು. ಹುಣಸೂರಿನಿಂದ ಅದು ಸುಮಾರು 45 ಕಿ.ಮೀ. ದೂರ, ಪಿರಿಯಾಪಟ್ಟಣದಿಂದ ಇನ್ನೂ ಇಪ್ಪತ್ತು ಕಿ.ಮೀ. ಹೆಚ್ಚು. ನಾಲ್ಕು ಜನರ ಸಂಸಾರ ಹೊರಟರೆ ಬಸ್ಸು, ಟಿಕೆಟ್ಟು, ಇಂಟರ್ವಲ್ ತಿಂಡಿ ಎಲ್ಲ ಸೇರಿ ಕೂಲಿ ಮಾಡುವವರ ಒಂದು ದಿನದ ದುಡಿಮೆಯನ್ನು ಮೀರುತ್ತದೆ. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ಹೊರಡಿಸಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಹೀಗಿರುವಾಗ ಮೊದಲು ನೋಡಿ ಬಂದವರ ಮಾತಿಗೆ ಜಾಹೀರಾತಿಗಿಂತ ಹೆಚ್ಚು ಬೆಲೆ ಬರುವುದು ಸಹಜ. ಇತ್ತೀಚಿನ ವರ್ಷಗಳ ಜನಪ್ರಿಯ ಕನ್ನಡ ಚಿತ್ರಗಳಲ್ಲಿ ಕೆಲವನ್ನು ಈ ಸೀಮೆಯ ಬದುಕಿನ ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ಗಟ್ಟಿತನವೂ ಕೊರತೆಯೂ ಸ್ಪಷ್ಟವಾಗುತ್ತವೆ.

ಗೇಣಿಯ ನೆನಪು: ಕಾಟೇರ

ತರುಣ್ ಸುಧೀರ್ ನಿರ್ದೇಶನದ, ದರ್ಶನ್ ನಟಿಸಿದ 'ಕಾಟೇರ' 2023ರ ಡಿಸೆಂಬರ್ 29ರಂದು ತೆರೆಕಂಡಿತು. ಕುಲುಮೆಯಲ್ಲಿ ಕಬ್ಬಿಣ ಬಡಿಯುವ ನಾಯಕ, ಬೆಳೆದದ್ದನ್ನೆಲ್ಲ ಗೇಣಿಗೆ ಅಳೆದುಕೊಡುವ ರೈತರು, ಊರನ್ನೇ ಮುಷ್ಟಿಯಲ್ಲಿಟ್ಟುಕೊಂಡ ಜಮೀನುದಾರರು, ಇವರ ನಡುವೆ ಬರುವ "ಉಳುವವನೇ ಭೂಮಿಯ ಒಡೆಯ" ಎಂಬ ಕಾನೂನು: ಇದು ಚಿತ್ರದ ಹಂದರ.

ಈ ಕಾನೂನಿನ ಹಿಂದಿದ್ದ ದೇವರಾಜ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅವರು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಸಾಧಿಸಬೇಕಿತ್ತು. ಅಂಥ ಅರ್ಜಿ, ಪಹಣಿ, ಸಾಕ್ಷಿಗಳ ಹಿಂದೆ ಅಲೆದ ತಲೆಮಾರಿನ ಮಕ್ಕಳು, ಮೊಮ್ಮಕ್ಕಳು ಇಂದು ಚಿತ್ರದ ಪ್ರೇಕ್ಷಕರು. ಆದ್ದರಿಂದ ಗೇಣಿ ಕಟ್ಟಲಾರದ ಸಂಕಟ, ಜಾತಿಯ ಅವಮಾನ, ಹಳೇ ಮೈಸೂರು ಹಳ್ಳಿಯ ಮಾತಿನ ಧಾಟಿ ಇವೆಲ್ಲ ನೇರವಾಗಿ ಎದೆಗೆ ತಾಕುತ್ತವೆ. ಕನ್ನಡದ ದೊಡ್ಡ ತಾರೆಯೊಬ್ಬರ ಚಿತ್ರ ಇಂಥ ವಿಷಯವನ್ನು ಕೈಗೆತ್ತಿಕೊಂಡದ್ದೇ ಮೆಚ್ಚತಕ್ಕ ಕೆಲಸ.

ಕೊರತೆಯೂ ಅಲ್ಲೇ ಇದೆ. ವಾಸ್ತವದಲ್ಲಿ ಭೂಮಿ ರೈತರ ಕೈಗೆ ಬಂದದ್ದು ಸಂಘಟನೆ, ಅರ್ಜಿ ಮತ್ತು ವಿಚಾರಣೆಗಳ ಮೂಲಕ. ಚಿತ್ರ ಸಾಗುತ್ತ ಸಾಗುತ್ತ ಆ ಗೆಲುವನ್ನು ನಾಯಕನ ಮಚ್ಚಿಗೆ ಒಪ್ಪಿಸಿಬಿಡುತ್ತದೆ. ಹೊಡೆದಾಟಗಳು ಉದ್ದವಾದಷ್ಟೂ ಕಾನೂನಿನ ಕಥೆ ಹಿಂದೆ ಸರಿಯುತ್ತದೆ. ಆದರೂ ತಾತನ ಕಾಲದ ಗೇಣಿ ಕಥೆಯನ್ನು ಮನೆಗಳಲ್ಲಿ ಮತ್ತೆ ಮಾತಿಗೆ ತರುವ ಶಕ್ತಿ ಈ ಚಿತ್ರಕ್ಕಿದೆ.

ಕಾಡಂಚಿನ ಪ್ರಶ್ನೆ: ಕಾಂತಾರ

2022ರ ಸೆಪ್ಟೆಂಬರ್ 30ರಂದು ಬಂದ ರಿಷಬ್ ಶೆಟ್ಟಿಯವರ 'ಕಾಂತಾರ' ಕರಾವಳಿಯ ಕಥೆ. ಭೂತಕೋಲ, ಪಂಜುರ್ಲಿ, ಗುಳಿಗ ದೈವಗಳು, ಕಂಬಳ ಇವು ಬಯಲುಸೀಮೆಯ ಜನರಿಗೆ ಪರಿಚಿತವಲ್ಲ. ಆದರೆ ಕಾಡನ್ನು ನಂಬಿದ ಜನ, ಸರ್ವೆ ಮಾಡಿ ಗೆರೆ ಎಳೆಯುವ ಅರಣ್ಯ ಇಲಾಖೆ, ಇವರಿಬ್ಬರ ಜಗಳದಲ್ಲಿ ಲಾಭ ನೋಡುವ ಭೂಮಾಲೀಕ ಎಂಬ ಮೂರು ಕಂಬಗಳ ಮೇಲೆ ಕಥೆ ನಿಂತಿರುವುದರಿಂದ ನಾಗರಹೊಳೆಯ ಅಂಚಿನವರಿಗೆ ಅದು ದೂರದ್ದೆನಿಸದು. ನಾಗರಹೊಳೆ ರಾಷ್ಟ್ರೀಯ ಉದ್ಯಾನದಿಂದ ಹೊರಬಂದ ಜೇನುಕುರುಬ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಹಾಡಿಗಳಲ್ಲಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಕೇಳುವ ಹೋರಾಟ ಈ ಭಾಗದಲ್ಲಿ ಇಂದಿಗೂ ಜೀವಂತ.

ಚಿತ್ರದ ಕೊನೆಯ ಸುಮಾರು ಇಪ್ಪತ್ತು ನಿಮಿಷಗಳು ಕನ್ನಡ ಜನಪ್ರಿಯ ಸಿನಿಮಾ ತಲುಪಿದ ಎತ್ತರಗಳಲ್ಲಿ ಒಂದು. ಬಿ. ಅಜನೀಶ್ ಲೋಕನಾಥ್ ಅವರ ಸಂಗೀತ, ಅರವಿಂದ್ ಕಶ್ಯಪ್ ಅವರ ಛಾಯಾಗ್ರಹಣ, ರಿಷಬ್ ಅವರ ಆವೇಶ ಒಂದಾಗಿ ಚಿತ್ರಮಂದಿರವನ್ನೇ ಮೌನವಾಗಿಸುತ್ತವೆ. ಈ ಚಿತ್ರದ ಅಭಿನಯ ರಿಷಬ್ ಅವರಿಗೆ 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟ ಗೌರವ ತಂದಿತು. ಮೊದಲರ್ಧದಲ್ಲಿ ನಾಯಕ ನಾಯಕಿಯೊಡನೆ ನಡೆದುಕೊಳ್ಳುವ ರೀತಿ ಮಾತ್ರ ಒಪ್ಪುವಂಥದ್ದಲ್ಲ. ತುಂಟತನವೆಂದು ತೋರಿಸಿದ್ದು ಕಿರುಕುಳವೇ ಆಗಿದೆ. ಅರಣ್ಯಾಧಿಕಾರಿ ಮತ್ತು ಹಳ್ಳಿಗರ ಜಗಳ ಕೊನೆಗೆ ಸ್ನೇಹವಾಗಿ ಮುಗಿಯುವುದೂ ಹಾಡಿಗಳ ಅನುಭವಕ್ಕಿಂತ ಬಹಳ ಸರಳ.

2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ ಅಧ್ಯಾಯ 1' ಕಥೆಯನ್ನು ಕದಂಬರ ಕಾಲಕ್ಕೆ ಒಯ್ಯುತ್ತದೆ. ಅರಮನೆ, ಬಂದರು, ಯುದ್ಧ ಎಲ್ಲವೂ ದೊಡ್ಡದಾಗಿವೆ. ರುಕ್ಮಿಣಿ ವಸಂತ್ ಅವರ ಪಾತ್ರಕ್ಕೆ ತೂಕವಿದೆ. ಆದರೆ ಮೊದಲ ಚಿತ್ರದಲ್ಲಿದ್ದ ಊರಿನ ಹಟ್ಟಿ, ಜಗಲಿ, ಬೈಗುಳ, ಊಟಗಳ ಆತ್ಮೀಯತೆ ಇಲ್ಲಿ ತೆಳುವಾಗಿದೆ. ಕಣ್ಣಿಗೆ ಎರಡನೆಯದು ದೊಡ್ಡ ಊಟ. ಮನಸ್ಸಿನಲ್ಲಿ ಉಳಿಯುವುದು ಮೊದಲನೆಯದು.

ಅಬ್ಬರದ ಲೆಕ್ಕ: ಕೆಜಿಎಫ್ 2

ಪ್ರಶಾಂತ್ ನೀಲ್ ಅವರ 'ಕೆಜಿಎಫ್ ಚಾಪ್ಟರ್ 2' 2022ರ ಏಪ್ರಿಲ್ 14ರಂದು ತೆರೆಕಂಡು ಕನ್ನಡ ಚಿತ್ರವೊಂದು ದೇಶದುದ್ದಕ್ಕೂ ಏಕಕಾಲಕ್ಕೆ ಓಡಬಲ್ಲದು ಎಂಬುದನ್ನು ಸಾಬೀತುಮಾಡಿತು. ಕತ್ತಲಿನಿಂದ ಥಟ್ಟನೆ ಬೆಳಕಿಗೆ ಹಾರುವ ಸಂಕಲನ, ಭುವನ್ ಗೌಡ ಅವರ ಮಸಿಬಣ್ಣದ ದೃಶ್ಯಗಳು, ರವಿ ಬಸ್ರೂರು ಅವರ ಎದೆ ನಡುಗಿಸುವ ಸಂಗೀತ, ಯಶ್ ಅವರ ನಡಿಗೆ ಇವು ದೊಡ್ಡ ತೆರೆಗೆಂದೇ ಹುಟ್ಟಿದವು. ಅಬ್ಬರದ ನಡುವೆಯೂ ಕಥೆಯನ್ನು ಹಿಡಿದಿಟ್ಟಿರುವುದು ತಾಯಿಗೆ ಕೊಟ್ಟ ಮಾತು. ಬಡತನದಲ್ಲಿ ಮಗನನ್ನು ಸಾಕಿದ ತಾಯಿಯ ಚಿತ್ರ ಇಲ್ಲದಿದ್ದರೆ ನಾಯಕ ರಾಕಿಯ ಚಿನ್ನದ ಹಸಿವಿಗೆ ಅರ್ಥವೇ ಇರುತ್ತಿರಲಿಲ್ಲ.

ಇದೇ ಚಿತ್ರವನ್ನು ಟಿ.ವಿ.ಯಲ್ಲಿ ನೋಡಿದರೆ ಬಿರುಕುಗಳು ಕಾಣುತ್ತವೆ. ನಾಯಕಿಗೆ ಮಾಡಲು ಹೆಚ್ಚೇನೂ ಇಲ್ಲ. ಪ್ರತಿ ಮಾತೂ ಘೋಷಣೆಯಂತೆ ಬರುವುದರಿಂದ ಕಿವಿ ದಣಿಯುತ್ತದೆ. ಕೋಲಾರದ ನಿಜವಾದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು; ಆ ಆಳದಲ್ಲಿ ದುಡಿದ ಕಾರ್ಮಿಕರ ಬದುಕಿಗೂ ಈ ಕಲ್ಪಿತ ಸಾಮ್ರಾಜ್ಯಕ್ಕೂ ಹೆಸರಿನಾಚೆ ನಂಟು ಕಡಿಮೆ.

ಮೆಲ್ಲಗೆ ಸಾಗುವ ಚಿತ್ರಗಳು

ಕಿರಣ್‌ರಾಜ್ ಕೆ. ನಿರ್ದೇಶನದ '777 ಚಾರ್ಲಿ' 2022ರ ಜೂನ್ 10ರಂದು ಬಂತು. ಮೈಸೂರಿನಲ್ಲಿ ಒಂಟಿಯಾಗಿ ಬದುಕುವ ಧರ್ಮನ ಮನೆಗೆ ತಪ್ಪಿಸಿಕೊಂಡು ಬಂದ ನಾಯಿಯೊಂದು ಸೇರಿಕೊಳ್ಳುತ್ತದೆ. ಅದು ಕಾಯಿಲೆ ಬಿದ್ದ ಮೇಲೆ ಹಿಮ ತೋರಿಸಲು ಅವನು ಅದನ್ನು ಉತ್ತರಕ್ಕೆ ಕರೆದೊಯ್ಯುತ್ತಾನೆ. ನಾಯಿ ಹೊಲ ಕಾಯಬೇಕು, ಅಂಗಳದಲ್ಲಿ ಮಲಗಬೇಕು ಎಂದು ಬೆಳೆದವರೂ ಈ ಚಿತ್ರಕ್ಕೆ ಕಣ್ಣೀರು ಹಾಕುವಂತಾದದ್ದು ಅದರ ಸಾಧನೆ. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಚಿತ್ರ ನೋಡಿ ಅತ್ತದ್ದು ಸುದ್ದಿಯಾಗಿತ್ತು. ಮಧ್ಯದ ಪ್ರಯಾಣ ಇನ್ನಷ್ಟು ಚುರುಕಾಗಬಹುದಿತ್ತು. ಆದರೆ ಪರವಾನಗಿ ಇಲ್ಲದೆ ನಾಯಿಮರಿ ಹುಟ್ಟಿಸಿ ಮಾರುವ ದಂಧೆಯ ಕ್ರೌರ್ಯವನ್ನು ಉಪದೇಶವಿಲ್ಲದೆ ತಲುಪಿಸಿದ್ದು ದೊಡ್ಡ ಕೆಲಸ.

ಹೇಮಂತ್ ಎಂ. ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಗೋಪಾಲಕೃಷ್ಣ ಅಡಿಗರ ಕವಿತೆಯಿಂದ ಹೆಸರು ಪಡೆದ ಚಿತ್ರ. 2023ರ ಸೆಪ್ಟೆಂಬರ್ ಮತ್ತು ನವೆಂಬರ್‌ನಲ್ಲಿ ಎರಡು ಭಾಗಗಳಾಗಿ ಬಂತು. ಸ್ವಂತ ಮನೆಯ ಆಸೆಗೆ ಧಣಿಯ ಮನೆಯವರ ಅಪರಾಧವನ್ನು ತಲೆಗೆ ಕಟ್ಟಿಕೊಂಡು ಜೈಲಿಗೆ ಹೋಗುವ ಕಾರು ಚಾಲಕ ಮನು ಮತ್ತು ಹೊರಗೆ ಕಾಯುವ ಪ್ರಿಯಾ ಇವರಿಬ್ಬರ ಕಥೆ ಇದು. ಮೊದಲ ಭಾಗ ನೋವನ್ನು ಹನಿಹನಿಯಾಗಿ ಕೂಡಿಸುತ್ತದೆ. ಎರಡನೆಯದು ಅದೇ ನೋವಿನ ಸುತ್ತ ಸುತ್ತಿ ಸ್ವಲ್ಪ ಎಳೆದಂತಾಗುತ್ತದೆ. "ತುಂಬಾ ಸ್ಲೋ" ಎಂಬ ದೂರು ಸುಳ್ಳಲ್ಲ. ಆದರೆ ಜೈಲಿನಲ್ಲಿ ಕಾಲ ಕಳೆಯುವ ರೀತಿಯನ್ನು ತಿಳಿಸಲು ಆ ನಿಧಾನವೇ ಬೇಕಿತ್ತು.

ಊರವರ ನಗು: ಸು ಫ್ರಮ್ ಸೋ

2025ರ ಜುಲೈ 25ರಂದು ಬಿಡುಗಡೆಯಾದ, ಜೆ.ಪಿ. ತುಮಿನಾಡು ನಿರ್ದೇಶಿಸಿ ನಟಿಸಿದ 'ಸು ಫ್ರಮ್ ಸೋ' ಬಾಯಿಮಾತಿನಿಂದಲೇ ಗೆದ್ದ ಚಿತ್ರಕ್ಕೆ ತಕ್ಕ ಉದಾಹರಣೆ. ಕಟೌಟ್ ಕಟ್ಟುವಂಥ ತಾರೆ ಇಲ್ಲ, ದೊಡ್ಡ ಪ್ರಚಾರ ಇಲ್ಲ. ಅಶೋಕ ಎಂಬ ಯುವಕನ ಮೈಮೇಲೆ ಸೋಮೇಶ್ವರದ ಸುಲೋಚನಾಳ ದೆವ್ವ ಬಂದಿದೆ ಎಂದು ಇಡೀ ಊರು ನಂಬುವುದೇ ಕಥೆ. ಕರಾವಳಿಯ "ಎಂತ", "ಮಾರ್ರೆ" ಎಂಬ ಮಾತುಗಳು ಈ ಸೀಮೆಯ ಕಿವಿಗೆ ಹೊಸವಾದರೂ "ದೆವ್ವ ಮೆಟ್ಕಂಡದೆ" ಎಂದೊಡನೆ ಅಂಗಳದಲ್ಲಿ ಜನ ಕೂಡುವ ರೀತಿ ಎಲ್ಲ ಹಳ್ಳಿಗಳಲ್ಲೂ ಒಂದೇ. ಯಾರನ್ನೂ ಕೀಳು ಮಾಡದೆ ನಗಿಸುವುದು, ಕೊನೆಗೆ ಆ ನಗುವಿನೊಳಗಿಂದಲೇ ಅಸಹಾಯಕ ಹೆಣ್ಣುಮಗಳೊಬ್ಬಳ ಕಷ್ಟವನ್ನು ಊರಿನ ಮುಂದಿಡುವುದು ಚಿತ್ರದ ಹೆಚ್ಚುಗಾರಿಕೆ. ಇದೇ ಬಗೆಯ ಸಹಜತೆಯನ್ನು ಪಕ್ಕದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರಿಂದಲೇ ಅಭಿನಯ ಮಾಡಿಸಿ ರಾಮ್ ರೆಡ್ಡಿ ಅವರು 'ತಿಥಿ'ಯಲ್ಲಿ ಸಾಧಿಸಿದ್ದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಆ ಚಿತ್ರ ಮರುವರ್ಷ ರಾಜ್ಯದಲ್ಲಿ ತೆರೆಕಂಡಿತು.

ಉಳಿಯುವ ಅಭಿಪ್ರಾಯ

ಒಂದು ಚಿತ್ರದ ಬಗ್ಗೆ ಅಭಿಪ್ರಾಯ ಮೂರು ಸಲ ಹುಟ್ಟುತ್ತದೆ. ಮೊದಲ ದಿನದ ಷೋ ಮುಗಿದಾಗ ಅಭಿಮಾನ ಮಾತಾಡುತ್ತದೆ. ಎರಡನೇ ವಾರ ಸಂಸಾರ ಸಮೇತ ಬಂದವರು ಕಥೆಯ ಬಗ್ಗೆ ಮಾತಾಡುತ್ತಾರೆ. ತಿಂಗಳುಗಳ ನಂತರ ಟಿ.ವಿ.ಯಲ್ಲೋ ಮೊಬೈಲಿನಲ್ಲೋ ಮತ್ತೆ ಕಂಡಾಗ ಶಬ್ದ, ಜನಜಂಗುಳಿ, ಶಿಳ್ಳೆಗಳ ನೆರವಿಲ್ಲದೆ ಚಿತ್ರ ತಾನೊಂದೇ ನಿಲ್ಲಬೇಕಾಗುತ್ತದೆ. ಈ ಮೂರನೇ ಅಭಿಪ್ರಾಯವೇ ಬಾಳುವಂಥದ್ದು. ಮೇಲಿನ ಚಿತ್ರಗಳಲ್ಲಿ ಆ ಪರೀಕ್ಷೆಯನ್ನು ಚೆನ್ನಾಗಿ ಎದುರಿಸುವವು, ಒಂದು ನಿರ್ದಿಷ್ಟ ಊರಿನ ಮಣ್ಣು, ಮಾತು, ಸಂಬಂಧಗಳಲ್ಲಿ ಬೇರು ಬಿಟ್ಟವು.

ಈ ಸೀಮೆಯ ಮಣ್ಣೂ ಒಮ್ಮೆ ತೆರೆಗೆ ಬಂದಿತ್ತು. ಎಚ್.ಡಿ. ಕೋಟೆಯ ಕಾಡಿನ ಕಾಡುಕುರುಬರನ್ನು ಕುರಿತ ಮಾಸ್ತಿಯವರ ನಾಟಕ 'ಕಾಕನಕೋಟೆ'ಯನ್ನು ಸಿ.ಆರ್. ಸಿಂಹ 1977ರಲ್ಲಿ ಚಿತ್ರವಾಗಿಸಿದರು, ಸಂಗೀತ ಸಿ. ಅಶ್ವಥ್ ಅವರದು. ಹೊಗೆಸೊಪ್ಪಿನ ಬ್ಯಾರನ್ ಮುಂದೆ ರಾತ್ರಿಯೆಲ್ಲ ಸೌದೆ ಒಟ್ಟುವ ರೈತ, ಹರಾಜು ಕಟ್ಟೆಯಲ್ಲಿ ದರಕ್ಕೆ ಕಾಯುವ ಅವನ ಆತಂಕ, ಕಬಿನಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟವರು, ಬೈಲಕುಪ್ಪೆಯ ಟಿಬೆಟನ್ನರ ಪಕ್ಕದ ಮನೆಯವರು ಇವರೆಲ್ಲ ಜನಪ್ರಿಯ ಚಿತ್ರದ ನಡುವಿಗೆ ಬಂದದ್ದು ವಿರಳ. 'ಕಾಂತಾರ'ದ ಮೂಲಕ ಕುಂದಾಪುರದ ಕೆರಾಡಿ, 'ತಿಥಿ'ಯ ಮೂಲಕ ಮಂಡ್ಯದ ನೊದೆಕೊಪ್ಪಲು ತಮ್ಮ ಕಥೆಯನ್ನು ತಮ್ಮ ಮಾತಿನಲ್ಲೇ ಹೇಳಿ ಗೆದ್ದಿವೆ. ಅಂಥ ಕಥೆಗೆ ಬೇಕಾದ ಸರಕೆಲ್ಲ ಕಾವೇರಿ, ಲಕ್ಷ್ಮಣತೀರ್ಥ, ಕಬಿನಿಗಳ ದಡದಲ್ಲಿಯೂ ಇದೆ.