ಕಾವಲಿನ ಕಡತ: ಮುಂಬಯಿ ಸರಕಾರದ ಗುಪ್ತ ವರದಿಗಳೂ ಪೌರಸ್ವಾತಂತ್ರ್ಯವೂ

ಮುಂಬಯಿಯ ಕೋಟೆ ಭಾಗದಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಬಹುಕಾಲದಿಂದ ನೆಲೆಸಿರುವ ಸರಕಾರಿ ದಫ್ತರಖಾನೆಯಲ್ಲಿ ಕರ್ನಾಟಕದ ಹಳೆಯ ಪತ್ರಿಕೆಗಳ ಸಂಗತಿಯನ್ನು ಅರಸುವವನಿಗೆ ಒಂದು ವಿಚಿತ್ರ ಅನುಭವ ಕಾದಿರುತ್ತದೆ. ಧಾರವಾಡದ 'ಕರ್ನಾಟಕ ವೃತ್ತ', ವಿಜಾಪುರದ 'ಕರ್ನಾಟಕ ವೈಭವ', ಗದಗಿನ 'ರಸಿಕರಂಜಿನಿ' ಮೊದಲಾದವುಗಳ ಮೂಲ ಸಂಚಿಕೆಗಳು ದೊರೆಯುವುದು ದುರ್ಲಭ. ಆದರೆ ಸರಕಾರವನ್ನು ಕುರಿತು ಇಂತಹ ಪತ್ರಿಕೆಗಳು ಆಡಿದ ಮಾತಿನ ಸಾರಾಂಶವು ಇಂಗ್ಲಿಷಿನಲ್ಲಿ ಅಚ್ಚಾಗಿ, ಕ್ರಮವಾಗಿ ಕಟ್ಟಲ್ಪಟ್ಟು ಉಳಿದಿದೆ. ಅದನ್ನು ಉಳಿಸಿದವರು ಅಭಿಮಾನಿಗಳಲ್ಲ, ಚಂದಾದಾರರೂ ಅಲ್ಲ, ಕಾವಲಿಗೆ ಕುಳಿತವರು.

ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ೧೯೫೬ರವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದುವೆಂಬುದು ವಾಚಕರಿಗೆ ವಿದಿತವೇ ಇದೆ. ೧೮೬೮ರಿಂದ ಮುಂಬಯಿ ಸರಕಾರವು ತನ್ನ ಇಲಾಖೆಯ ದೇಶಭಾಷಾ ಪತ್ರಿಕೆಗಳನ್ನು ಓದಿಸಿ, ಅವುಗಳ ಸಾರವನ್ನು ವಾರವಾರವೂ ಇಂಗ್ಲಿಷಿಗೆ ಇಳಿಸಿ, ಅಧಿಕಾರಿಗಳ ಉಪಯೋಗಕ್ಕಾಗಿ ಗೋಪ್ಯವಾಗಿ ಅಚ್ಚು ಹಾಕಿಸುತ್ತಿದ್ದಿತು. ಮರಾಠಿ, ಗುಜರಾತಿಗಳ ಸಾಲಿನಲ್ಲಿ ಕನ್ನಡಕ್ಕೂ ಅದರಲ್ಲಿ ಎಡೆಯಿದ್ದಿತು. ಇಪ್ಪತ್ತನೆಯ ಶತಮಾನದ ಆದಿಭಾಗದ ವರದಿಗಳನ್ನು ತೆರೆದರೆ ಮೊದಲಿಗೆ ಒಂದು ಪಟ್ಟಿ ಕಾಣುತ್ತದೆ: ಪತ್ರಿಕೆಯ ಹೆಸರು, ಊರು, ವಾರಪತ್ರಿಕೆಯೋ ಮಾಸಪತ್ರಿಕೆಯೋ ಎಂಬ ವಿವರ, ಸಂಪಾದಕನ ಹೆಸರು, ಅವನ ಜಾತಿ, ಅವನ ವಯಸ್ಸು, ಕೊನೆಯಲ್ಲಿ ಪ್ರತಿಗಳ ಸಂಖ್ಯೆ. ಬರೆಹವನ್ನು ತೂಗುವುದಕ್ಕೆ ಮುಂಚೆ ಬರೆದವನನ್ನು ತೂಗಿದಂತಾಯಿತು. ಜಾತಿಯ ಕಲಮು ಅಲ್ಲಿ ಏಕೆಂದು ಕೇಳಬೇಕಾದುದಿಲ್ಲ. ಅಸಮಾಧಾನವು ಯಾವ ಸಮಾಜದಲ್ಲಿ ಮೊಳೆಯುತ್ತಿದೆಯೆಂಬುದೇ ಸರಕಾರಕ್ಕೆ ಬೇಕಾಗಿದ್ದ ಮಾಹಿತಿ. ಈ ಕನ್ನಡ ಪತ್ರಿಕೆಗಳನ್ನು ಓದಿ ಸಾರ ತೆಗೆಯಲು ಕನ್ನಡ ಬಲ್ಲವನೇ ಬೇಕಷ್ಟೆ. ಉದ್ಯೋಗವನ್ನರಸಿ ಈ ನಗರಕ್ಕೆ ಬಂದ ನಮ್ಮ ಪೂರ್ವಿಕರಲ್ಲಿ ಅಂತಹವರೂ ಇದ್ದಿರಬೇಕೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

ಪತ್ರಿಕೆಗಳ ಮೇಲಣ ಈ ಕಣ್ಣಿಗೆ ಸಭೆಗಳ ಮೇಲಣ ಕಿವಿಯೂ ಜೊತೆಗೂಡಿತು. ೧೮೮೭ರ ಡಿಸೆಂಬರಿನಲ್ಲಿ ಭಾರತ ಸರಕಾರದ ಕೇಂದ್ರ ವಿಶೇಷ ಶಾಖೆ ಜನ್ಮತಾಳಿತು. ೧೯೦೨-೦೩ರ ಪೊಲೀಸ್ ಆಯೋಗದ ತರುವಾಯ ಪ್ರಾಂತಗಳಲ್ಲಿ ಸಿ.ಐ.ಡಿ. ಶಾಖೆಗಳು ಬಂದವು. ೧೯೦೯ರಲ್ಲಿ ಮುಂಬಯಿಯ ಪೊಲೀಸ್ ಕಮಿಷನರನಾಗಿ ಬಂದ ಎಸ್. ಎಂ. ಎಡ್ವರ್ಡ್ಸನು ನಗರದ ಗುಪ್ತ ಶಾಖೆಯನ್ನು ಹೊಸದಾಗಿ ಕಟ್ಟಿದನು. (ಅದೇ ೧೯೦೯ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚಿಗೆ ತಂದರು. ಗೂಢಪುರುಷರ ನೇಮಕದ ಪ್ರಕರಣಗಳನ್ನು ಓದಿದ್ದರೆ ಎಡ್ವರ್ಡ್ಸನಿಗೆ ಹೊಸತೇನೂ ಕಾಣುತ್ತಿರಲಿಲ್ಲ.) ಯಾವ ಸಭೆ, ಮಾತನಾಡಿದವರು ಯಾರು, ಏನು ಹೇಳಿದರು, ನೆರೆದವರೆಷ್ಟು, ಇವೆಲ್ಲ ಪೊಲೀಸರ ವಾರದ ಗುಪ್ತ ಸಂಗ್ರಹಗಳಲ್ಲಿ ದಾಖಲಾಗುತ್ತ ಹೋದುವು.

ಇಂತಹ ಓದಿನಲ್ಲಿ ಒಂದು ಮೂಲದೋಷವಿದ್ದಿತು. ಸರಕಾರವು ತನ್ನ ವಿರೋಧಿಯನ್ನು ಭಾಷಾಂತರದಲ್ಲಿ ಮಾತ್ರ ಬಲ್ಲದು. ೧೯೦೮ರ ಜುಲೈ ತಿಂಗಳಲ್ಲಿ ಇದೇ ನಗರದ ಹೈಕೋರ್ಟಿನಲ್ಲಿ ರಾಜದ್ರೋಹದ ಆಪಾದನೆಯನ್ನು ಎದುರಿಸಿದ ಲೋಕಮಾನ್ಯ ಟಿಳಕರು ತಮ್ಮ ವಾದದ ಬಹುಭಾಗವನ್ನು 'ಕೇಸರಿ'ಯ ಲೇಖನಗಳ ಇಂಗ್ಲಿಷ್ ಭಾಷಾಂತರವು ವಿಕೃತವಾಗಿದೆಯೆಂದು ತೋರಿಸುವುದಕ್ಕೆ ವಿನಿಯೋಗಿಸಿದರು. ಮರಾಠಿಯಲ್ಲಿ ಸಹಜವಾಗಿದ್ದ ಶಬ್ದವು ಇಂಗ್ಲಿಷಿನಲ್ಲಿ ಉಗ್ರವಾಗುತ್ತದೆಂಬುದು ಅವರ ತಕರಾರು. ಅದು ಫಲಿಸಲಿಲ್ಲ. ಜುಲೈ ೨೨ರಂದು ಆರು ವರ್ಷಗಳ ಶಿಕ್ಷೆಯಾಯಿತು. ಗಿರಣಿಯ ಕಾರ್ಮಿಕರು ಆರು ದಿನ ಮುಷ್ಕರ ಹೂಡಿದರು.

ಸ್ವಾತಂತ್ರ್ಯಾನಂತರ ಈ ಕಡತಗಳ ಗತಿ ಬದಲಾಯಿತು. ೧೯೫೭ ಮತ್ತು ೧೯೫೮ರಲ್ಲಿ ಮುಂಬಯಿ ಸರಕಾರವು ತನ್ನ ದಫ್ತರಗಳಿಂದ ಆಯ್ದ ದಾಖಲೆಗಳನ್ನು ಸ್ವಾತಂತ್ರ್ಯ ಚಳವಳಿಯ ಇತಿಹಾಸದ ಆಕರಗಳೆಂದು ಎರಡು ಸಂಪುಟಗಳಲ್ಲಿ ಪ್ರಕಟಿಸಿತು. ೧೯೮೨ರಲ್ಲಿ ಮಹಾರಾಷ್ಟ್ರ ಸರಕಾರವು ಡಾ. ಅಂಬೇಡಕರರನ್ನೂ ಅಸ್ಪೃಶ್ಯರ ಚಳವಳಿಯನ್ನೂ ಕುರಿತು ಅಂತಹುದೇ ಸಂಪುಟವೊಂದನ್ನು ಹೊರತಂದಿತು. ಅಲ್ಲಿಯೂ ಪೊಲೀಸರ ಗುಪ್ತ ಸಂಗ್ರಹಗಳೇ ಮುಖ್ಯ ಆಧಾರಗಳಲ್ಲೊಂದು. ನಿನ್ನೆಯ ಸಂಶಯದ ಪಟ್ಟಿ ಇಂದಿನ ಗೌರವದ ಪಟ್ಟಿಯಾಯಿತು. ಇತಿಹಾಸಕಾರನಿಗೆ ಇದರಿಂದ ಲಾಭವಾಗಿದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ಗುಪ್ತಚರನು ಮೇಲಧಿಕಾರಿಗೆ ಬೇಕಾದುದನ್ನು ಹೆಚ್ಚಾಗಿ ಕೇಳುತ್ತಾನೆ, ಬೇಡವಾದುದನ್ನು ಕೇಳಿಯೂ ಬರೆಯುವುದಿಲ್ಲ ಎಂಬುದನ್ನು ಈ ಆಕರಗಳನ್ನು ಬಳಸುವ ನಮ್ಮ ಸಂಶೋಧಕರು ಅನೇಕ ವೇಳೆ ಮರೆಯುತ್ತಾರೆ.

ಪರಕೀಯರ ಸರಕಾರ ಹೋದರೆ ಕಾವಲೂ ಹೋಗುವುದೆಂಬ ನಿರೀಕ್ಷೆ ಕೆಲವರಿಗಿದ್ದಿತು. ೧೯೩೬ರಲ್ಲಿ ಜವಾಹರಲಾಲ ನೆಹರೂ ಅವರ ಮುಂದಾಳ್ತನದಲ್ಲಿ, ರವೀಂದ್ರನಾಥ ಠಾಕೂರರ ಅಧ್ಯಕ್ಷತೆಯಲ್ಲಿ ಭಾರತೀಯ ಪೌರಸ್ವಾತಂತ್ರ್ಯ ಸಂಘವು ಸ್ಥಾಪಿತವಾದುದು ಈ ಮುಂಬಯಿಯಲ್ಲಿಯೇ. ಆದರೆ ಹಳೆಯ ಪದ್ಧತಿಯು ಹೊಸ ಸಂವಿಧಾನದಡಿಯೂ ನಡೆಯಿತು. ಉತ್ತರಪ್ರದೇಶದ ಖಡಕ್‌ಸಿಂಗನೆಂಬಾತನ ಮೊಕದ್ದಮೆಯಲ್ಲಿ ೧೯೬೨ರ ಡಿಸೆಂಬರ್ ೧೮ರಂದು ಸರ್ವೋಚ್ಚ ನ್ಯಾಯಾಲಯವು, ಪೊಲೀಸರು ನಡುರಾತ್ರಿ ಮನೆಯ ಕದ ತಟ್ಟುವುದು ಅಸಿಂಧುವೆಂದು ಹೇಳಿಯೂ, ಉಳಿದ ಕಣ್ಗಾವಲನ್ನು ಎತ್ತಿಹಿಡಿಯಿತು. ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲವೆಂದಿತು. ಹಿಂಬಾಲಿಸಲ್ಪಡುವ ಮನುಷ್ಯನು ದೇಹದಿಂದ ಸ್ವತಂತ್ರನಾದರೂ ಮನಸ್ಸಿನಿಂದ ಬಂಧಿಯೆಂಬ ಅಭಿಪ್ರಾಯದ ನ್ಯಾಯಮೂರ್ತಿ ಸುಬ್ಬರಾವ್ ಅವರು ಭಿನ್ನಮತ ಬರೆದರು.

ಕಾವಲು ಒಂದು ಪಕ್ಷದ ಸ್ವತ್ತಲ್ಲವೆಂಬುದಕ್ಕೆ ನಮ್ಮ ನಾಡೇ ನಿದರ್ಶನ. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡಿದ್ದ ರಾಮಕೃಷ್ಣ ಹೆಗಡೆಯವರೇ ಮುಖ್ಯಮಂತ್ರಿಗಳಾಗಿದ್ದಾಗ, ರಾಜಕಾರಣಿಗಳ ದೂರವಾಣಿಗಳನ್ನು ಕದ್ದು ಕೇಳಲಾಗುತ್ತಿದೆಯೆಂಬ ಆರೋಪ ಎದ್ದು, ೧೯೮೮ರ ಆಗಸ್ಟಿನಲ್ಲಿ ಅವರು ಪದತ್ಯಾಗ ಮಾಡಬೇಕಾಯಿತು. ದೂರವಾಣಿಯನ್ನು ಕೇಳುವ ಅಧಿಕಾರ ಬಂದದ್ದು ೧೮೮೫ರ ತಂತಿ ಕಾಯಿದೆಯಿಂದ: ಸಾರ್ವಜನಿಕ ತುರ್ತು ಇಲ್ಲವೆ ಸಾರ್ವಜನಿಕ ಸುರಕ್ಷತೆಯ ಕಾರಣ ಅದಕ್ಕೆ ಬೇಕಾಗಿದ್ದಿತು. ೧೯೯೬ರ ಡಿಸೆಂಬರಿನಲ್ಲಿ ಜನತಾ ಪೌರಸ್ವಾತಂತ್ರ್ಯ ಸಂಘವು ಹೂಡಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಮೊದಲ ಬಾರಿಗೆ ಕಟ್ಟಳೆ ವಿಧಿಸಿತು: ಗೃಹ ಕಾರ್ಯದರ್ಶಿಯ ಲಿಖಿತ ಆಜ್ಞೆ ಬೇಕು, ಅದರ ಅವಧಿ ಎರಡು ತಿಂಗಳು, ಒಟ್ಟು ಆರು ತಿಂಗಳನ್ನು ಮೀರದು, ಸಮಿತಿಯೊಂದು ಮರುಪರಿಶೀಲಿಸಬೇಕು. ನ್ಯಾಯಾಧೀಶನ ಪೂರ್ವಾನುಮತಿ ಬೇಕೆಂಬ ಬೇಡಿಕೆಯನ್ನು ಮಾತ್ರ ಅದು ಒಪ್ಪಲಿಲ್ಲ. ಸಮಿತಿಯಲ್ಲಿರುವವರು ಸರಕಾರದ ಕಾರ್ಯದರ್ಶಿಗಳೇ.

ಖಾಸಗಿತನವು ಮೂಲಭೂತ ಹಕ್ಕೆಂದು ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ೧೯೬೨ರ ನಿಲುವು ಬಿದ್ದುಹೋಯಿತು. ಅರ್ಜಿದಾರರಾದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ೨೦೨೪ರಲ್ಲಿ ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡರು. ಆ ತೀರ್ಪಿನ ಬಲದಿಂದ ಮುಂಬಯಿ ಹೈಕೋರ್ಟು ೨೦೧೯ರ ಅಕ್ಟೋಬರ್ ೨೨ರಂದು, ಲಂಚದ ಆರೋಪಕ್ಕೆ ಗುರಿಯಾದ ಉದ್ಯಮಿಯೊಬ್ಬರ ದೂರವಾಣಿಯನ್ನು ಕೇಳಲು ಹೊರಡಿಸಿದ್ದ ಮೂರು ಆಜ್ಞೆಗಳನ್ನು ರದ್ದುಪಡಿಸಿ, ಧ್ವನಿಮುದ್ರಣಗಳನ್ನು ನಾಶಮಾಡಲು ಹೇಳಿತು.

ಈ ನಾಶವೆಂಬ ಮಾತಿನಲ್ಲಿಯೇ ತೊಡಕಿದೆ. ಕೇಳಿದುದರ ದಾಖಲೆಗಳನ್ನು, ಬೇರೆ ಅಗತ್ಯವಿಲ್ಲದಿದ್ದಲ್ಲಿ, ಆರು ತಿಂಗಳಿಗೊಮ್ಮೆ ಅಳಿಸತಕ್ಕದ್ದೆಂದು ೨೦೦೭ರ ನಿಯಮ ವಿಧಿಸಿತು. ೨೦೨೩ರ ದೂರಸಂಪರ್ಕ ಕಾಯಿದೆಯಡಿ ೨೦೨೪ರಲ್ಲಿ ಬಂದ ನಿಯಮಗಳೂ ಅದನ್ನೇ ಮುಂದುವರಿಸಿವೆ. ಪ್ರಜೆಯ ರಕ್ಷಣೆಗೆಂದು ಮಾಡಿದ ಏರ್ಪಾಡಿದು; ಒಬ್ಬನ ಮನೆಮಾತು ಸರಕಾರದ ಕಪಾಟಿನಲ್ಲಿ ಚಿರಕಾಲ ಕೂರಬಾರದು. ಆದರೆ ಕೇಳಿಸಿಕೊಂಡವನಿಗೆ ಮುಂದೆಂದಾದರೂ ತಿಳಿಸಬೇಕೆಂಬ ವಿಧಿ ಅದರ ಜೊತೆಗಿಲ್ಲ. ಮುಂಬಯಿಯ ಉದ್ಯಮಿಗೆ ಪ್ರಶ್ನಿಸಲು ಸಾಧ್ಯವಾದುದು ಆ ಧ್ವನಿಮುದ್ರಣಗಳು ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಬಂದುದರಿಂದ. ಭಿನ್ನಮತೀಯನ ಮೇಲೆ ಅನೇಕ ವೇಳೆ ಮೊಕದ್ದಮೆಯೇ ಹೂಡಲ್ಪಡುವುದಿಲ್ಲ. ಅವನ ಮಾತನ್ನು ಕೇಳಿದ ಆಜ್ಞೆ ನ್ಯಾಯವೇ, ಅನ್ಯಾಯವೇ ಎಂದು ಕೇಳುವುದಕ್ಕೆ ಬೇಕಾದ ಕಾಗದವೂ ಮಾತಿನ ಜೊತೆಗೇ ಅಳಿದುಹೋಗುತ್ತದೆ. ಧಾರವಾಡದ ಸಂಪಾದಕನ ಮೊಮ್ಮಕ್ಕಳು ದಫ್ತರಖಾನೆಗೆ ಬಂದು ಅಜ್ಜನ ಹೆಸರು, ಜಾತಿ, ವಯಸ್ಸುಗಳನ್ನು ಪಟ್ಟಿಯಲ್ಲಿ ಬೆರಳಿಟ್ಟು ಓದಬಹುದು. ಇಂದಿನ ಸಂಪಾದಕನ ಮೊಮ್ಮಕ್ಕಳಿಗೆ ಓದಲು ಏನು ಉಳಿದೀತೆಂದು ಊಹಿಸುವುದು ಕಷ್ಟ.

೨೦೨೧ರಲ್ಲಿ ಪತ್ರಕರ್ತರು, ವಕೀಲರು, ಕಾರ್ಯಕರ್ತರ ಕೈಫೋನುಗಳಿಗೆ ಪೆಗಾಸಸ್ ಎಂಬ ಗೂಢಯಂತ್ರ ಹೊಕ್ಕಿದೆಯೆಂಬ ಸುದ್ದಿ ಬಂದಾಗ ಸರ್ವೋಚ್ಚ ನ್ಯಾಯಾಲಯವು ತಜ್ಞರ ಸಮಿತಿಯನ್ನು ನೇಮಿಸಿ, ಅದರ ಮೇಲ್ವಿಚಾರಣೆಯನ್ನು ಕರ್ನಾಟಕ ಹೈಕೋರ್ಟಿನಲ್ಲಿಯೂ ನ್ಯಾಯಮೂರ್ತಿಗಳಾಗಿದ್ದ ಆರ್. ವಿ. ರವೀಂದ್ರನ್ ಅವರಿಗೆ ಒಪ್ಪಿಸಿತು. ಸಮಿತಿಯು ೨೯ ಫೋನುಗಳನ್ನು ಪರೀಕ್ಷಿಸಿತು. ಐದರಲ್ಲಿ ಕೇಡಿನ ತಂತ್ರಾಂಶವೊಂದು ಕಂಡಿತು, ಅದು ಪೆಗಾಸಸ್ಸೇ ಎಂದು ನಿಶ್ಚಯಿಸಲಾಗಲಿಲ್ಲ. ಸರಕಾರವು ಸಹಕರಿಸಲಿಲ್ಲವೆಂದು ಸಮಿತಿ ಹೇಳಿರುವುದಾಗಿ ೨೦೨೨ರ ಆಗಸ್ಟ್ ೨೫ರಂದು ಮುಖ್ಯ ನ್ಯಾಯಾಧೀಶರು ತೆರೆದ ನ್ಯಾಯಾಲಯದಲ್ಲಿ ತಿಳಿಸಿದರು. ವರದಿಯನ್ನು ಮರಳಿ ಲಕೋಟೆಯಲ್ಲಿಟ್ಟು ಮುದ್ರೆ ಹಾಕಲಾಯಿತು.