ಬಂಡೆಯ ಮೇಲಿನ ಬಿಸಿಲು, ಬಂಡೆಯ ಕೆಳಗಿನ ನೆರಳು

ದೂರದಿಂದ ನೋಡುವವರಿಗೆ ಕಡಲಂಚಿನ ಬಂಡೆ ಬರಿಯ ಕಲ್ಲು. ಅಲೆ ಬಂದು ಬಡಿಯುತ್ತದೆ, ನೊರೆ ಚೆಲ್ಲಿ ಹಿಂದಿರುಗುತ್ತದೆ, ಅಷ್ಟೆ. ಆದರೆ ಇಳಿತದ ಹೊತ್ತಿನಲ್ಲಿ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿಯೋ, ಉಳ್ಳಾಲದ ಬಳಿಯ ಸೋಮೇಶ್ವರದಲ್ಲಿಯೋ ಬಂಡೆಯ ಹತ್ತಿರ ಸಾರಿ ಬಾಗಿ ನೋಡಿದರೆ, ಅದು ಮಾಳಿಗೆಯ ಮೇಲೆ ಮಾಳಿಗೆ ಎತ್ತಿದ ಮನೆಯೆಂಬುದು ತಿಳಿಯುತ್ತದೆ. ಒಂದೊಂದು ಮಾಳಿಗೆಗೆ ಒಂದೊಂದು ಒಕ್ಕಲು.

ಕರ್ನಾಟಕದ ಕರಾವಳಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಭರತ, ಎರಡು ಇಳಿತ. ನೀರು ಸರಿದಾಗ ಮೇಲಿನ ಅಂತಸ್ತಿನ ಜೀವಿಗಳು ಸುಡುಬಿಸಿಲಿಗೆ ಮೈಯೊಡ್ಡಬೇಕು. ಅಲ್ಲಿನ ಪುಟ್ಟ ಶಂಖದ ಹುಳು ಚಿಪ್ಪಿನೊಳಗೆ ಸರಿದು ಬಾಗಿಲು ಮುಚ್ಚಿಕೊಳ್ಳುತ್ತದೆ. ಅದರ ಕೆಳಗೆ ಕಲ್ಲಿಗೆ ಅಂಟಿಕೊಂಡ ಬಾರ್ನಕಲ್ ತನ್ನ ಸುಣ್ಣದ ಗೂಡಿನಲ್ಲಿ ಒಂದಿಷ್ಟು ತೇವವನ್ನು ಕಾಪಾಡಿಕೊಂಡು ಮುಂದಿನ ಭರತಕ್ಕಾಗಿ ಕಾದಿರುತ್ತದೆ.

ಮೇಲಿನ ಗಡಿಯನ್ನು ಬಿಸಿಲು ಗೆರೆ ಹಾಕಿ ತೋರಿಸಿದರೆ, ಕೆಳಗಿನ ಗಡಿಯನ್ನು ಹಾಕುವವರಾರು? ಜೋಸೆಫ್ ಕಾನೆಲ್ ಎಂಬ ವಿಜ್ಞಾನಿ ಸ್ಕಾಟ್ಲೆಂಡಿನ ಕಂಬ್ರೆ ದ್ವೀಪದಲ್ಲಿ ಈ ಪ್ರಶ್ನೆಯನ್ನು ಹಿಡಿದು ಹೊರಟರು. ಅಲ್ಲಿ ಎರಡು ಜಾತಿಯ ಬಾರ್ನಕಲ್‌ಗಳು. ಒಂದು ಮೇಲೆ, ಇನ್ನೊಂದು ಕೆಳಗೆ. ಕೆಳಗಿನದನ್ನು ಕಿತ್ತುಹಾಕಿದೆಡೆಯಲ್ಲಿ ಮೇಲಿನ ಜಾತಿಯೂ ಸುಖವಾಗಿ ಬೆಳೆಯಿತು. ಕಿತ್ತುಹಾಕದೆಡೆಯಲ್ಲಿ, ಬೇಗ ಬೆಳೆಯುವ ನೆರೆಯದು ಅದನ್ನು ಮುಚ್ಚಿ, ಒತ್ತರಿಸಿ ಕೊಂದಿತು. 1961ರಲ್ಲಿ ಪ್ರಕಟವಾದ ಈ ಫಲಿತಾಂಶ ಒಂದು ಮಾತನ್ನು ಸ್ಪಷ್ಟಪಡಿಸಿತು: ಅಲ್ಲಿ ಮೇಲಿನ ಎಲ್ಲೆ ಬಿಸಿಲು ಒಣಹವೆಗಳದು, ಕೆಳಗಿನ ಎಲ್ಲೆ ನೆರೆಹೊರೆಯದು.

ಪ್ರಾಣಿಗೆ ಬಿಸಿಲು ಶತ್ರುವಾದರೆ ಕಡಲ ಪಾಚಿಗೆ ಅದೇ ಅನ್ನ. ಆ ಅನ್ನವಾದರೂ ನೀರಿನೊಳಗೆ ಇಳಿದಂತೆಲ್ಲ ಕಡಿಮೆಯಾಗುತ್ತದೆ. ಕೆಂಪು ಬೆಳಕನ್ನು ನೀರು ಮೊದಲು ನುಂಗುತ್ತದೆ; ತಿಳಿಯಾದ ಕಡಲಿನಲ್ಲಿ ನೀಲಿಯೇ ಬಹಳ ಆಳಕ್ಕೆ ಇಳಿಯುವುದು. ಕೆಂಪು ಪಾಚಿಗಳಲ್ಲಿರುವ ಕೆಂಪು ವರ್ಣದ್ರವ್ಯ ಹಸಿರು-ನೀಲಿ ಬೆಳಕನ್ನು ಹೀರಬಲ್ಲದು. ಆದುದರಿಂದ ಮೇಲೆ ಹಸಿರು, ನಡುವೆ ಕಂದು, ಆಳದಲ್ಲಿ ಕೆಂಪು ಎಂಬ ಕ್ರಮವನ್ನು 1883ರಲ್ಲಿ ಜರ್ಮನಿಯ ಎಂಗಲ್‌ಮನ್ ಸೂಚಿಸಿದರು. ಪ್ರಕೃತಿ ಅಷ್ಟು ಅಚ್ಚುಕಟ್ಟಲ್ಲವೆಂಬುದು ಅನಂತರ ತಿಳಿಯಿತು. ಹಸಿರು ಪಾಚಿಯೂ ಆಳದಲ್ಲಿ ದೊರೆಯಿತು. ಕೆಂಪು ಪಾಚಿ ಬಂಡೆಯ ಸಂದಿನ ನೆರಳಿನಲ್ಲಿ, ದಡದ ಬಳಿಯೇ ಕಂಡಿತು. ಬಣ್ಣದಷ್ಟೇ ಬೆಳಕಿನ ಪ್ರಮಾಣವೂ, ಪಾಚಿಯ ಮೈಕಟ್ಟೂ ಮುಖ್ಯವೆಂದಾಯಿತು. ಸ್ವಲ್ಪದರಲ್ಲಿ ಬಾಳುವ ಈ ಶಕ್ತಿಗೆ ಬಹಾಮಾ ದ್ವೀಪಗಳ ಬಳಿ 1984ರಲ್ಲಿ ಸಾಕ್ಷಿ ದೊರೆಯಿತು: 268 ಮೀಟರ್ ಆಳದ ಬಂಡೆಯ ಮೇಲೆ, ಹೆಚ್ಚುಕಡಿಮೆ ಕತ್ತಲೆಯಲ್ಲಿ, ಕೆಂಪು ಪಾಚಿಯೊಂದು ತೆಳು ಹೊದಿಕೆಯಂತೆ ಹಬ್ಬಿ ಬದುಕಿತ್ತು.

ಇಂಥ ಆಳವನ್ನು ಕಾಣಲು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಅದೇ ಬೆಳಕು ನೆರಳುಗಳ ಪಾಠವನ್ನು ದಡದ ಒಂದು ಬಿಡಿಗಲ್ಲು ಕಲಿಸಬಲ್ಲದು. ಅದರ ಮೇಲ್ಮೈಯಲ್ಲಿ ಬಿಸಿಲನ್ನು ಬೇಡುವ ಪಾಚಿ. ಅಡಿಯಲ್ಲಿ ತೇವವನ್ನೂ ನೆರಳನ್ನೂ ನಂಬಿದ ಸ್ಪಂಜು, ಮರಿ ಏಡಿ, ಯಾವುದೋ ಜೀವಿ ಅಂಟಿಸಿಹೋದ ತತ್ತಿಗಳ ಗೊಂಚಲು. ರಜೆಯ ದಿನ ಕಡಲಿಗೆ ಬಂದ ಮಕ್ಕಳು ಕುತೂಹಲದಿಂದ ಕಲ್ಲನ್ನು ಮಗುಚುತ್ತಾರೆ, ನೋಡಿ ನಲಿಯುತ್ತಾರೆ, ಹಾಗೆಯೇ ಬಿಟ್ಟು ಓಡುತ್ತಾರೆ. ಆ ಬಳಿಕ ಕೆಳಗಾದ ಪಾಚಿ ಬೆಳಕಿಲ್ಲದೆ ಕೊಳೆಯುತ್ತದೆ. ಮೇಲಾದ ತತ್ತಿಗಳು ಬಿಸಿಲಿನಲ್ಲಿ ಒಣಗುತ್ತವೆ. ಒಂದೇ ಕಲ್ಲಿನಲ್ಲಿ ಎರಡು ಸಂಸಾರಗಳು ಹಾಳಾಗುತ್ತವೆ.

ಮಕ್ಕಳ ಕುತೂಹಲವನ್ನು ತಡೆಯಬೇಕಾಗಿಲ್ಲ. ಅವರು ಕಲ್ಲನ್ನು ಮೆಲ್ಲನೆ ಎತ್ತಲಿ, ಕಣ್ತುಂಬ ನೋಡಲಿ. ನೋಡಿಯಾದ ಮೇಲೆ ಇದ್ದ ಕಡೆಯಲ್ಲಿಯೇ, ಇದ್ದ ಹಾಗೆಯೇ ಮರಳಿ ಇಡುವುದನ್ನು ಹಿರಿಯರು ಕಲಿಸಿದರೆ ಸಾಕು. ಮುಂದಿನ ಭರತ ಬರುವ ವೇಳೆಗೆ ಆ ಮನೆಯವರೆಲ್ಲ ತಮ್ಮ ತಮ್ಮ ಮಾಳಿಗೆಯಲ್ಲಿಯೇ ಇರುತ್ತಾರೆ.