ಗೃಹಸ್ಥರಿಗೊಂದು ಗಣಿತಪಾಠ: ಬೀಜಗಣಿತದ ಭಿನ್ನರಾಶಿಗಳು

ವಿದ್ಯೆಗೆ ವಯಸ್ಸಿನ ಹಂಗಿಲ್ಲವೆಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಹೊಲ, ಅಂಗಡಿ, ಮದುವೆ, ಸಂಸಾರಗಳ ಕಾರಣದಿಂದ ಎಳೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟವರು ಮತ್ತೆ ಪುಸ್ತಕ ಹಿಡಿದಾಗಲೇ ಈ ಮಾತಿನ ನಿಜವಾದ ಪರೀಕ್ಷೆ. ಕನ್ನಡವನ್ನೂ ಸಮಾಜವಿಜ್ಞಾನವನ್ನೂ ಹೇಗೋ ಓದಿಕೊಳ್ಳುವ ಇಂತಹ ಅನೇಕ ಸೋದರ ಸೋದರಿಯರು ಬೀಜಗಣಿತದ ಭಿನ್ನರಾಶಿಗಳ ಮುಂದೆ ಕೈಚೆಲ್ಲಿ ಕುಳಿತುಬಿಡುತ್ತಾರೆ. ಆ ಒಂದು ವಿಷಯದಿಂದಾಗಿ ಪ್ರಮಾಣಪತ್ರ ಕೈತಪ್ಪಬಹುದು. ಉದ್ಯೋಗದ ಬಾಗಿಲು ಮುಚ್ಚಬಹುದು. ಅದಕ್ಕಿಂತ ಮಿಗಿಲಾಗಿ, ‘ಇದು ನನ್ನ ತಲೆಗೆ ಹತ್ತುವುದಿಲ್ಲ’ ಎಂಬ ಕೀಳರಿಮೆ ಮನದಲ್ಲಿ ಬೇರೂರುತ್ತದೆ. ಅದನ್ನು ಕಿತ್ತುಹಾಕುವ ದಾರಿಯನ್ನು ಇಲ್ಲಿ ವಿಚಾರಿಸೋಣ.

ಈ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರಲ್ಲಿ ಭಿನ್ನರಾಶಿಗಳಿಗಾಗಿಯೇ ‘ಕಲಾಸವರ್ಣ’ವೆಂಬ ಒಂದು ಅಧ್ಯಾಯವಿದೆ. ಛೇದಗಳನ್ನು ಸಮಗೊಳಿಸಲು ಬೇಕಾದ ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು ಅವನು ‘ನಿರುದ್ಧ’ವೆಂದು ಕರೆದನು, 6 ಮತ್ತು 8 ಛೇದಗಳಾದರೆ 24 ಅವುಗಳ ನಿರುದ್ಧ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನು. ಆದುದರಿಂದ ಗಣಿತವು ಪರಭಾಷೆಯ ವಿದ್ಯೆ ಎಂಬ ಅಳುಕನ್ನು ಮೊದಲು ಬಿಡಬೇಕು.

ಈಗ ವಿಷಯಕ್ಕೆ ಬರೋಣ. 12/18 ಎಂಬ ಭಿನ್ನರಾಶಿಯನ್ನು 2/3 ಎಂದು ಸಂಕ್ಷೇಪಿಸುವುದು ಎಲ್ಲರಿಗೂ ಗೊತ್ತು. ಏಕೆ ಹಾಗೆ ಮಾಡಬಹುದು? 12 ಎಂದರೆ 2 × 6, 18 ಎಂದರೆ 3 × 6. ಅಂಶ ಮತ್ತು ಛೇದ ಎರಡರಲ್ಲಿಯೂ 6 ಗುಣಕವಾಗಿ ನಿಂತಿರುವುದರಿಂದ ಅದನ್ನು ತೆಗೆದುಹಾಕಬಹುದು. ಬೀಜಗಣಿತದಲ್ಲಿಯೂ ಇರುವುದು ಇದೊಂದೇ ನಿಯಮ. ಸಂಖ್ಯೆಯ ಜಾಗದಲ್ಲಿ ಅಕ್ಷರ ಬಂದಿದೆ, ಅಷ್ಟೆ.

ಒಂದು ಉದಾಹರಣೆಯನ್ನು ನೋಡೋಣ: (ಅ² − 9) / (ಅ² + 5ಅ + 6). ಮೊದಲ ಕೆಲಸವೆಂದರೆ ಮೇಲಿನದನ್ನೂ ಕೆಳಗಿನದನ್ನೂ ಗುಣಲಬ್ಧಗಳಾಗಿ ಬಿಡಿಸುವುದು. ಅಂಶವು ಎರಡು ವರ್ಗಗಳ ವ್ಯತ್ಯಾಸವಾದುದರಿಂದ (ಅ − 3)(ಅ + 3) ಆಗುತ್ತದೆ. ಛೇದಕ್ಕೆ, ಕೂಡಿದರೆ 5, ಗುಣಿಸಿದರೆ 6 ಬರುವ ಎರಡು ಸಂಖ್ಯೆಗಳು ಬೇಕು. ಅವು 2 ಮತ್ತು 3. ಆದುದರಿಂದ ಛೇದವು (ಅ + 2)(ಅ + 3). ಎರಡರಲ್ಲಿಯೂ ಇರುವ (ಅ + 3) ಎಂಬ ಗುಣಕವನ್ನು ತೆಗೆದರೆ (ಅ − 3) / (ಅ + 2) ಉಳಿಯುತ್ತದೆ.

ಇಲ್ಲಿಯೇ ನಿಲ್ಲಬೇಕೆ? (ಅ − 3) / (ಅ + 2) ಎಂಬಲ್ಲಿ ಮೇಲೂ ಕೆಳಗೂ ‘ಅ’ ಇದೆಯಲ್ಲ, ಅದನ್ನೂ ಹೊಡೆದುಹಾಕಬಾರದೇಕೆ ಎಂದು ಹೊಸದಾಗಿ ಕಲಿಯುವವರಿಗೆ ತೋರುವುದು ಸಹಜ. ಕೂಡದು. ಅಲ್ಲಿ ‘ಅ’ ಕೂಡುವ ಕಳೆಯುವ ಪದವಾಗಿ ನಿಂತಿದೆಯೇ ಹೊರತು ಗುಣಕವಾಗಿ ಅಲ್ಲ. ಸ್ವಂತವಾಗಿ ಕಲಿಯುವವರು ಅತಿ ಹೆಚ್ಚಾಗಿ ಎಡವುವುದು ಇಲ್ಲಿಯೇ.

ತಿದ್ದುವ ಗುರುಗಳು ಪಕ್ಕದಲ್ಲಿ ಇಲ್ಲದಿದ್ದಾಗ ತಪ್ಪನ್ನು ಕಂಡುಕೊಳ್ಳುವುದು ಹೇಗೆ? ಅದಕ್ಕೊಂದು ಸುಲಭವಾದ ಉಪಾಯವಿದೆ. ‘ಅ’ ಇರುವಲ್ಲಿ 4ನ್ನು ಇಟ್ಟು ನೋಡಿರಿ. ಮೂಲ ಭಿನ್ನರಾಶಿಯು 7/42, ಅಂದರೆ 1/6. ನಮ್ಮ ಉತ್ತರವೂ 1/6. ಎರಡೂ ಒಂದೇ ಆದವು. ‘ಅ’ವನ್ನು ಹೊಡೆದುಹಾಕಿದ್ದರೆ −3/2 ಬರುತ್ತಿತ್ತು; ತಪ್ಪು ತಾನಾಗಿಯೇ ಬಯಲಾಗುತ್ತಿತ್ತು. ಒಂದು ಸಂಖ್ಯೆಗೆ ಹೊಂದಿತೆಂದ ಮಾತ್ರಕ್ಕೆ ಉತ್ತರ ಸರಿಯೆಂದು ಸಿದ್ಧವಾಗದು. ಹೊಂದದಿದ್ದರೆ ಮಾತ್ರ ತಪ್ಪೆಂಬುದು ನಿಶ್ಚಯ. ಆದುದರಿಂದ ಎರಡು ಮೂರು ಸಂಖ್ಯೆಗಳನ್ನಿಟ್ಟು ನೋಡುವುದು ಲೇಸು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಛೇದವು ಎಂದಿಗೂ ಸೊನ್ನೆಯಾಗಬಾರದು. ಮೇಲಿನ ಲೆಕ್ಕದಲ್ಲಿ ‘ಅ’ದ ಬೆಲೆ −2 ಆಗಲಿ −3 ಆಗಲಿ ಆಗುವಂತಿಲ್ಲ. (ಅ + 3) ಉತ್ತರದಲ್ಲಿ ಕಾಣದಿದ್ದರೂ ಈ ನಿರ್ಬಂಧವನ್ನು ಬರೆದಿಡಬೇಕು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆ ಉಳಿಯುತ್ತದೆಂದು ಮಹಾವೀರಾಚಾರ್ಯನಂತಹ ಪಂಡಿತನೇ ಹೇಳಿದ್ದಾನೆ. ಆದರೆ 5ನ್ನು ಸೊನ್ನೆಯಿಂದ ಭಾಗಿಸಿ 5 ಬರುವುದಾದರೆ, 5ನ್ನು ಸೊನ್ನೆಯಿಂದ ಗುಣಿಸಿದಾಗಲೂ 5 ಬರಬೇಕು, ಬರುವುದು ಸೊನ್ನೆ. ಆದುದರಿಂದ ಇಂದಿನ ಗಣಿತವು ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವಿಲ್ಲವೆನ್ನುತ್ತದೆ. ಹಿರಿಯರ ಮಾತನ್ನು ಗೌರವದಿಂದ ಕೇಳಬೇಕು. ಹಾಗೆಯೇ ಒರೆಗೆ ಹಚ್ಚಿಯೂ ನೋಡಬೇಕು.

ನಮ್ಮ ಶರಣಧರ್ಮಕ್ಕೆ ಇದು ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಚೌಡಯ್ಯನವರು, ಅಕ್ಕಿ ಆಯುವ ಕಾಯಕದ ಮಾರಯ್ಯ ಲಕ್ಕಮ್ಮ ದಂಪತಿಗಳು ತಮ್ಮ ದುಡಿಮೆಯ ನಡುವೆಯೇ ಅರಿವನ್ನು ಗಳಿಸಿದರು. ಸ್ವಾನುಭವದಲ್ಲಿ ನಿಲ್ಲದ ಮಾತಿಗೆ ಶರಣರು ಬೆಲೆ ಕೊಡಲಿಲ್ಲ. ನಡುವಯಸ್ಸಿನ ವಿದ್ಯಾರ್ಥಿಗೂ ಅದೇ ಆಸರೆ.

ಕಲಿಯಲು ಮನಸ್ಸುಳ್ಳವರು ಮೊದಲು ಒಂದು ವಾರ ಸಾಮಾನ್ಯ ಭಿನ್ನರಾಶಿಗಳನ್ನು, ಅನಂತರ ಅಪವರ್ತಿಸುವುದನ್ನು ಚೆನ್ನಾಗಿ ರೂಢಿಸಿಕೊಂಡು, ಆಮೇಲೆ ಈ ಪಾಠಕ್ಕೆ ಬರುವುದು ಒಳ್ಳೆಯದು. ದಿನಕ್ಕೆ ಅರ್ಧ ಗಂಟೆ, ಐದು ಲೆಕ್ಕ ಸಾಕು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಖಾಸಗಿ ಅಭ್ಯರ್ಥಿಗಳಾಗಿ ಕುಳಿತುಕೊಳ್ಳಲು ಅವಕಾಶವಿದೆ. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯೆಂಬ ಹೆಸರಿನಲ್ಲಿ ಸ್ಥಾಪನೆಯಾದ, ಈಗಿನ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿಯೂ ಇದೆ.

ಮನೆಯವರ ಹೊಣೆಯೂ ಸಣ್ಣದಲ್ಲ. ಸೊಸೆಯು ಲೆಕ್ಕದ ಪುಸ್ತಕ ಹಿಡಿದು ಕುಳಿತಾಗ ಆ ಅರ್ಧ ಗಂಟೆ ಒಲೆಯ ಕೆಲಸವನ್ನು ಬೇರೆಯವರು ನೋಡಿಕೊಳ್ಳಲಿ. ತಂದೆಯು ಮಗನನ್ನು ಪ್ರಶ್ನೆ ಕೇಳಿದಾಗ ಮಗನು ನಗದೆ ಹೇಳಿಕೊಡಲಿ. ಊರಿನ ಮಠದಲ್ಲಿಯೋ ಸಮಾಜದ ಭವನದಲ್ಲಿಯೋ ವಾರಕ್ಕೊಂದು ಸಂಜೆ ನಾಲ್ವರು ಕೂಡಿ ಕಲಿಯುವಂತಾದರೆ, ಬಲ್ಲವರು ಕಲಿಸಲು ಮುಂದಾದರೆ, ಅದೂ ದಾಸೋಹವೇ ಎಂಬುದು ನಮ್ಮ ನಂಬುಗೆ.